ಸನ್ಮಾನದ ನಂತರದ ನಾಟಕ ಸಾಕು, ಖಡಕಿಗೆ ನಾಟಕದ್ದೇ ಒಂದು ಹಂಗಾಮು ಬೇಕು

ಪುಣೆ: ಮಳೆಗಾಲದ ತಿರುಗಾಟಕ್ಕೆಂದು ಮುಂಬಯಿ, ಪುಣೆಗೆ ಬಂದ ಯಕ್ಷಗಾನ ಕಲಾವಿದರು ಊರಿಗೆ ಮರಳುತ್ತಿದ್ದಂತೆ ಇಲ್ಲಿನ ಕನ್ನಡ, ತುಳು ಸಂಘ-ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳು ಸಭೆ ಸೇರತೊಡಗುತ್ತವೆ. ಗಣೇಶೋತ್ಸವ, ನವರಾತ್ರಿ, ಕನ್ನಡ ರಾಜ್ಯೋತ್ಸವ, ಅದರ ಬೆನ್ನಿಗೆ ವಾರ್ಷಿಕೋತ್ಸವ. ಸಭಾಗೃಹ, ಊಟ, ಸ್ಮರಣ ಸಂಚಿಕೆ, ಅತಿಥಿಗಳು ಎಲ್ಲವೂ ನಿಶ್ಚಯವಾದ ಮೇಲೆ ಚಹಾ ಕುಡಿಯುತ್ತಾ ಯಾರಾದರೊಬ್ಬರು ಕೇಳುತ್ತಾರೆ: "ಈ ಸಲ ನಾಟಕ ಯಾವುದು ಮಾರಾಯ್ರೆ?"

ಈ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ ಎಂಬುದೇ ಹೊರನಾಡ ಕನ್ನಡ ರಂಗಭೂಮಿಯ ಇಂದಿನ ಸ್ಥಿತಿ. ಕೊನೆಗೆ ಕೇಳಿದ್ದು ವೇದಿಕೆಗೂ ಕೊನೆಗೇ ಬರುತ್ತದೆ. ಸಂಜೆ ನಾಲ್ಕಕ್ಕೆ ದೀಪ ಬೆಳಗಿಸುವ ಕಾರ್ಯಕ್ರಮ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಪ್ರತಿಭಾ ಪುರಸ್ಕಾರ, ದಾನಿಗಳಿಗೆ ಶಾಲು-ಫಲಪುಷ್ಪ, ಐದಾರು ಮಂದಿ ಅತಿಥಿಗಳ ಭಾಷಣ, ಚಿತ್ರಗೀತೆಗಳಿಗೆ ಮಕ್ಕಳ ನೃತ್ಯ. ನಾಟಕದ ಪರದೆ ಸರಿಯುವಾಗ ಒಂಬತ್ತೂವರೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಊಟ ಬಡಿಸಲು ಆರಂಭವಾಗಿರುತ್ತದೆ. ಮರುದಿನ ಬೆಳಿಗ್ಗೆ ಕಾರ್ಖಾನೆಯ ಪಾಳಿಗೆ ಹೋಗುವವರು, ಶಾಲೆಯ ಮಕ್ಕಳಿರುವ ತಾಯಂದಿರು ಊಟ ಮಾಡಿ ಹೊರಡುತ್ತಾರೆ. ಮೂರು ತಿಂಗಳು ಅಭ್ಯಾಸ ಮಾಡಿದ ಕಲಾವಿದರು ಖಾಲಿ ಕುರ್ಚಿಗಳ ಮುಂದೆ ಅಭಿನಯಿಸುತ್ತಾರೆ. "ಸಮಯದ ಅಭಾವ"ದಿಂದ ಎರಡು ದೃಶ್ಯ ಕತ್ತರಿಸಿ ಎಂದು ಪರದೆಯ ಸಂದಿಯಿಂದ ಚೀಟಿ ಬರುವುದೂ ಉಂಟು.

ಈ ಕ್ರಮ ಬದಲಾಗಬೇಕು. ಬರಲಿರುವ ನವೆಂಬರ್‌ನಿಂದ ಖಡಕಿ, ಬೋಪೋಡಿ, ದಾಪೋಡಿ ಪರಿಸರದ ಸಂಸ್ಥೆಗಳು ಒಟ್ಟು ಸೇರಿ ನಾಟಕಕ್ಕೇ ಮೀಸಲಾದ ಒಂದು ಹಂಗಾಮನ್ನು ನಡೆಸಬೇಕು. ಮೂರು ತಿಂಗಳು, ಮೂರು ನಾಟಕ, ಮೊದಲೇ ಪ್ರಕಟವಾದ ಮೂರು ದಿನಾಂಕ. ಕೇಳಲು ಸಣ್ಣ ಸಲಹೆಯಂತೆ ಕಂಡರೂ ಇಲ್ಲಿನ ಕನ್ನಡದ ಮುಂದಿನ ತಲೆಮಾರಿನ ಪ್ರಶ್ನೆ ಇದರಲ್ಲಿ ಅಡಗಿದೆ.

ನವೆಂಬರ್ 5ರ ನಂಟು

ಖಡಕಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ದಂಡು ಪ್ರದೇಶ, ಬಾಂಬೆ ಸ್ಯಾಪರ್ಸ್ ಪಡೆಯ ಕೇಂದ್ರ ಮತ್ತು 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆ. ಕಾರ್ಖಾನೆ 2021ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಆಡಳಿತದಲ್ಲಿದೆ. ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷ್ ಕಂಪನಿಯ ಸೈನ್ಯಕ್ಕೂ ಇಲ್ಲಿ ಯುದ್ಧ ನಡೆದದ್ದು 1817ರ ನವೆಂಬರ್ 5ರಂದು. ಆಕಸ್ಮಿಕವೆಂದರೆ ಮಹಾರಾಷ್ಟ್ರ ಪ್ರತಿವರ್ಷ ಮರಾಠಿ ರಂಗಭೂಮಿ ದಿನವನ್ನು ಆಚರಿಸುವುದೂ ನವೆಂಬರ್ 5ರಂದೇ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು "ಸೀತಾ ಸ್ವಯಂವರ" ನಾಟಕವನ್ನು ಆಡಿಸಿದ ದಿನದ ನೆನಪು ಅದು.

ಆ ನಾಟಕದ ಹಿಂದೆ ಕನ್ನಡ ನಾಡಿನ ಪ್ರೇರಣೆಯಿತ್ತು ಎಂಬುದನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರೇ ಬರೆದಿದ್ದಾರೆ. ಕರ್ನಾಟಕದಿಂದ ಬಂದ ಭಾಗವತ ಮೇಳವೊಂದರ ಆಟವನ್ನು ಕಂಡ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರು ಅಂಥದ್ದನ್ನೇ ಮರಾಠಿಯಲ್ಲಿ ಮಾಡುವಂತೆ ಭಾವೆಯವರಿಗೆ ಹೇಳಿದ್ದರು. ಮುಂದೆ 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ "ಸಂಗೀತ ಶಾಕುಂತಲ"ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕದ ಯುಗವನ್ನೇ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ತಮ್ಮ ನಾಟಕದ ಪದಗಳಿಗೆ ಅವರು ಕನ್ನಡದ ಹಾಡುಗಳ ಧಾಟಿಗಳನ್ನೂ ಬಳಸಿಕೊಂಡರು.

ಕೊಡುಕೊಳ್ಳುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಆಧುನಿಕ ಕನ್ನಡ ನಾಟಕದ ಹಿರಿಯರಾದ ಶ್ರೀರಂಗರು ಓದಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. ಖಡಕಿಯಿಂದ ಹೋಳ್ಕರ್ ಸೇತುವೆ ದಾಟಿದರೆ ಆ ಕಾಲೇಜು ದೂರವಿಲ್ಲ. ಗಿರೀಶ ಕಾರ್ನಾಡರು 1974-75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಅವರ "ತುಘಲಕ್" ನಾಟಕವನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಇಷ್ಟೆಲ್ಲ ನಂಟಿರುವ ನಗರದಲ್ಲಿ ಕನ್ನಡ ನಾಟಕ ಊಟದ ಸಾಲಿನ ಗದ್ದಲದ ನಡುವೆ ನಡೆಯಬೇಕೇ?

ದಿನಾಂಕ ಗೊತ್ತಿದ್ದರೆ ಜನ ಬರುತ್ತಾರೆ

"ಈಗ ನಾಟಕಕ್ಕೆ ಜನವೇ ಬರುವುದಿಲ್ಲ" ಎಂಬ ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಪುಣೆಯ ಅನುಭವ ಬೇರೆಯೇ ಹೇಳುತ್ತದೆ. ಡಿಸೆಂಬರ್ ಬಂತೆಂದರೆ ಇಲ್ಲಿನ ಸಂಗೀತಪ್ರಿಯರು ಚಳಿಯಲ್ಲಿ ಶಾಲು ಹೊದ್ದು ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗುತ್ತಾರೆ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗ ಸೀಮೆಯ ಶಿಷ್ಯ ಪಂಡಿತ್ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವ ಅದು. ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ಅಭಿನಯಿಸಿದವರು ಎಂಬುದೂ ಗಮನಾರ್ಹ. ಈ ಉತ್ಸವಕ್ಕೆ ಜನ ಟಿಕೆಟು ಕೊಂಡು ಬರುತ್ತಾರೆ. ಎಲ್ಲ ದಿನಗಳಿಗೂ ಸೇರಿಸಿ ಕೊಳ್ಳುವವರಿದ್ದಾರೆ. ಕಲಾವಿದರ ಯೋಗ್ಯತೆ ಒಂದು ಕಾರಣ. ಪ್ರತಿ ಡಿಸೆಂಬರ್‌ನಲ್ಲಿ ಅದು ನಡೆದೇ ನಡೆಯುತ್ತದೆ ಎಂಬ ನಂಬಿಕೆ ಇನ್ನೊಂದು ಕಾರಣ.

ಕರ್ನಾಟಕದಲ್ಲಿ ಇದೇ ನಂಬಿಕೆಯನ್ನು ನಾಟಕದಲ್ಲಿ ಬೆಳೆಸಿದ್ದು ಹೆಗ್ಗೋಡಿನ ನೀನಾಸಂ. 1985ರಲ್ಲಿ ಆರಂಭವಾದ ಅದರ "ತಿರುಗಾಟ"ದ ನಾಟಕಗಳು ಯಾವುವೆಂದು ಮೊದಲೇ ತಿಳಿದಿರುತ್ತದೆ. ತಂಡ ಊರಿಗೆ ಬರುವ ದಿನ ಗೊತ್ತಿರುತ್ತದೆ. ಸಣ್ಣ ಪಟ್ಟಣಗಳ ಜನರೂ ಟಿಕೆಟು ಕೊಂಡು ನೋಡುತ್ತಾರೆ. ಪುಣೆಯ ಮರಾಠಿ ಕಾಲೇಜು ಹುಡುಗರು 1963ರಿಂದ ಪುರುಷೋತ್ತಮ ಕರಂಡಕ ಏಕಾಂಕ ಸ್ಪರ್ಧೆಯ ದಿನಗಳಿಗಾಗಿ ಕಾಯುತ್ತಾ ಬಂದಿದ್ದಾರೆ. ಮೂರೂ ಕಡೆ ನಾಟಕ ಅಥವಾ ಸಂಗೀತವೇ ಮುಖ್ಯ ಕಾರ್ಯಕ್ರಮ. ಬೇರೊಂದು ಸಮಾರಂಭದ ಬಾಲವಾಗಿ ಅದು ಬರುವುದಿಲ್ಲ.

ಮೂರು ತಿಂಗಳು, ಮೂರು ನಾಟಕ

ನವೆಂಬರ್‌ನಲ್ಲಿ, ರಾಜ್ಯೋತ್ಸವ ಮತ್ತು ಮರಾಠಿ ರಂಗಭೂಮಿ ದಿನಗಳ ನಡುವಿನ ವಾರದಲ್ಲಿ, ಮಕ್ಕಳ ನಾಟಕದಿಂದ ಹಂಗಾಮು ಆರಂಭವಾಗಲಿ. ರವೀಂದ್ರನಾಥ ಟಾಗೋರರ ಗಿಳಿಯ ಕಥೆಯನ್ನು ಆಧರಿಸಿ ಬಿ.ವಿ. ಕಾರಂತರು ರೂಪಿಸಿದ "ಪಂಜರಶಾಲೆ" ಇದೆ. ವೈದೇಹಿಯವರ ಮಕ್ಕಳ ನಾಟಕಗಳಿವೆ. ಖಡಕಿಯ ಕನ್ನಡ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುವವರು. ಕನ್ನಡದ ಮಾತನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವ ಮಕ್ಕಳನ್ನು ಕಂಡು ಹಿರಿಯರು ಬೇಸರಿಸುವುದುಂಟು. ಬೇಸರ ಬೇಡ. ಅಜ್ಜಿಯ ಪ್ರಶ್ನೆಗೆ "ಹಾಂ", "ನಕೋ" ಎಂದಷ್ಟೇ ಉತ್ತರಿಸುವ ಮಗು ಎರಡು ತಿಂಗಳು ರಾಜನ ಪಾತ್ರ ಮಾಡಿದರೆ ಅದರ ಬಾಯಲ್ಲಿ ಪೂರ್ಣ ವಾಕ್ಯಗಳು ಹೊರಳತೊಡಗುತ್ತವೆ. ಭಾನುವಾರದ ಕನ್ನಡ ತರಗತಿಗೆ ಬಾರದ ಮಗು ನಾಟಕದ ಅಭ್ಯಾಸಕ್ಕೆ ಓಡಿಬರುತ್ತದೆ.

ಡಿಸೆಂಬರ್‌ನಲ್ಲಿ ಸಂಗೀತ ನಾಟಕವಿರಲಿ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ, ಚಂದ್ರಶೇಖರ ಕಂಬಾರರ "ಜೋಕುಮಾರಸ್ವಾಮಿ" ಇವುಗಳಲ್ಲಿ ಯಾವುದಾದರೂ ಆಗಬಹುದು. ಇದರಲ್ಲಿ ಇನ್ನೊಂದು ಲಾಭವಿದೆ. ಪುಣೆಯಲ್ಲಿ ಕರಾವಳಿಯಿಂದ ಬಂದ ಹೊಟೇಲ್ ಉದ್ಯಮಿಗಳಿದ್ದಾರೆ; ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ದುಡಿಮೆಗೆ ಬಂದವರಿದ್ದಾರೆ; ಕಾರ್ಖಾನೆ, ದಂಡಿನ ಕಚೇರಿಗಳಲ್ಲಿ ನೌಕರಿ ಮಾಡಿ ನಿವೃತ್ತರಾದವರಿದ್ದಾರೆ. ಒಂದೇ ಬಜಾರಿನಲ್ಲಿ ತರಕಾರಿ ಕೊಳ್ಳುವ ಇವರು ಒಂದೇ ಸಭಾಗೃಹದಲ್ಲಿ ಕೂರುವುದು ಅಪರೂಪ. ಜಾತಿವಾರು, ಜಿಲ್ಲಾವಾರು ಸಂಸ್ಥೆಗಳ ಸೇವೆ ಶ್ಲಾಘನೀಯ. ಆದರೆ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯ ಕುಟುಂಬಕ್ಕೆ ಆ ಯಾವ ಸಂಸ್ಥೆಯ ಆಮಂತ್ರಣವೂ ತಲುಪುವುದಿಲ್ಲ. ಪಾರಿಜಾತದ ಪದ ಕೇಳಿದರೆ ಅವರು ಬರುತ್ತಾರೆ. ಬಂದರೆ ಹಾಡುವವರೂ ಅವರಲ್ಲೇ ಸಿಗುತ್ತಾರೆ. ಟಿಕೆಟ್ ಬೆಲೆ ಅಂಥವರ ಕೈಗೆಟುಕುವಂತೆ ಹಿಂದಿನ ಸಾಲುಗಳನ್ನು ಕಡಿಮೆ ದರಕ್ಕೆ ಇಡಬೇಕು.

ಜನವರಿಯಲ್ಲಿ ಶ್ರೀರಂಗರ ಅಥವಾ ಕಾರ್ನಾಡರ ಗದ್ಯ ನಾಟಕವೊಂದು ಬರಲಿ. "ಕೇಳು ಜನಮೇಜಯ" ಪುಣೆಯಲ್ಲಿ ಓದಿದ ನಾಟಕಕಾರನಿಗೆ ಪುಣೆಯ ಕನ್ನಡಿಗರು ಸಲ್ಲಿಸುವ ಗೌರವವೂ ಆದೀತು. ಅದಕ್ಕೆ ಮರಾಠಿ ನೆರೆಹೊರೆಯವರನ್ನೂ ಕರೆಯಬೇಕು. ಕಥೆಯ ಸಾರಾಂಶವನ್ನು ಒಂದು ಪುಟದಲ್ಲಿ ಮರಾಠಿಯಲ್ಲಿ ಅಚ್ಚು ಹಾಕಿ ಹಂಚಿದರೆ ಸಾಕು, ಪುಣೆಯ ಪ್ರೇಕ್ಷಕರು ಕುಳಿತು ನೋಡುತ್ತಾರೆ.

ಹಣ, ಸನ್ಮಾನ, ಸಮಯ

ಇಷ್ಟಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ಸಹಜ. ದಾನಿಗಳನ್ನು ವೇದಿಕೆಯಲ್ಲಿ ಗೌರವಿಸದಿದ್ದರೆ ಮುಂದಿನ ವರ್ಷ ಜಾಹೀರಾತು ಕೊಡುವವರಾರು ಎಂದು ಪದಾಧಿಕಾರಿಗಳು ಕೇಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪುಣೆಯಲ್ಲಿ ಕನ್ನಡಿಗರ ಸಭಾಭವನಗಳು ಎದ್ದು ನಿಂತಿರುವುದು ಕೊಡುಗೈ ದಾನಿಗಳಿಂದಲೇ. ಅವರ ಸನ್ಮಾನ ವಾರ್ಷಿಕ ಮಹಾಸಭೆಯ ದಿನ, ಊಟದೊಂದಿಗೆ, ವಿಸ್ತಾರವಾಗಿ ನಡೆಯಲಿ. ನಾಟಕದ ದಿನ ಅವರ ಹೆಸರು ಟಿಕೆಟಿನ ಮೇಲೆ, ಕರಪತ್ರದ ಮೇಲೆ ಇರಲಿ. ಅವರು ಮೊದಲ ಸಾಲಿನಲ್ಲಿ ಕೂತು ಪೂರ್ತಿ ನಾಟಕ ನೋಡಲಿ. ಕಲಾವಿದನಿಗೆ ಅದಕ್ಕಿಂತ ದೊಡ್ಡ ಪೋಷಣೆ ಇಲ್ಲ.

ಉಚಿತ ಪ್ರವೇಶದ ಅಭ್ಯಾಸವನ್ನೂ ಬಿಡಬೇಕಾಗಿದೆ. ಮೂರು ನಾಟಕಗಳಿಗೆ ಸೇರಿಸಿ 500 ರೂಪಾಯಿಯ ಒಂದು ಟಿಕೆಟು ಎಂದಿಟ್ಟುಕೊಂಡರೂ 200 ಮಂದಿ ಕೊಂಡರೆ ಹಂಗಾಮಿನ ಮೊದಲೇ ಒಂದು ಲಕ್ಷ ರೂಪಾಯಿ ಕೈಯಲ್ಲಿರುತ್ತದೆ. ಸಭಾಗೃಹದ ಮುಂಗಡ, ಬೆಳಕು, ಪ್ರಸಾಧನ, ನಾಟಕಕಾರರಿಗೆ ಸಲ್ಲಬೇಕಾದ ಗೌರವಧನ ಇವುಗಳಿಗೆ ಅದು ಆಧಾರ. ಉಳಿದದ್ದಕ್ಕೆ ದಾನಿಗಳಿದ್ದಾರೆ. ಹಣ ಕೊಟ್ಟು ಬಂದವನು ಸಮಯಕ್ಕೆ ಸರಿಯಾಗಿ ಬರುತ್ತಾನೆ, ಮಧ್ಯದಲ್ಲಿ ಎದ್ದು ಹೋಗುವುದಿಲ್ಲ.

ಸಮಯದ ಮಾತು ಖಡಕಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಭಾನುವಾರ ಸಂಜೆ ಹೊಟೇಲಿನವರಿಗೆ ಅತ್ಯಂತ ಗಡಿಬಿಡಿಯ ಹೊತ್ತು. ಅವರನ್ನು ಕರೆಯಬೇಕಾದರೆ ಊಟದ ಗಿರಾಕಿಗಳು ಮುಗಿದು ರಾತ್ರಿಯ ಗಿರಾಕಿಗಳು ಬರುವ ನಡುವಿನ ವೇಳೆಯೇ ಸರಿ. ಮಧ್ಯಾಹ್ನ ಮೂರೂವರೆಗೆ ಆರಂಭಿಸಿ ಆರಕ್ಕೆ ಮುಗಿಸುವ ಪ್ರದರ್ಶನ ಹೊಟೇಲ್ ಕಾರ್ಮಿಕನಿಗೂ ಕಾರ್ಖಾನೆಯ ನೌಕರನಿಗೂ ಮಕ್ಕಳಿರುವ ಮನೆಗೂ ಒಗ್ಗುತ್ತದೆ. ಸಭಾಗೃಹಕ್ಕೂ ಕೊರತೆಯಿಲ್ಲ. ಒಂದು ಕಡೆ ಪಿಂಪ್ರಿಯ ಆಚಾರ್ಯ ಅತ್ರೆ ರಂಗಮಂದಿರ, ಚಿಂಚವಡದ ರಾಮಕೃಷ್ಣ ಮೋರೆ ಪ್ರೇಕ್ಷಾಗೃಹ. ಇನ್ನೊಂದು ಕಡೆ ಸದಾಶಿವ ಪೇಟೆಯ ಭರತ ನಾಟ್ಯ ಮಂದಿರ, ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಸಭಾಂಗಣ. ಪಿಂಪ್ರಿಯಿಂದ ಸ್ವಾರಗೇಟ್‌ಗೆ ಹೋಗುವ ಮೆಟ್ರೊ ಮಾರ್ಗದಲ್ಲಿ 2025ರಲ್ಲಿ ಖಡಕಿ ನಿಲ್ದಾಣವೂ ತೆರೆದಿರುವುದರಿಂದ ಎರಡೂ ಕಡೆಗೆ ಹೋಗಿಬರುವುದು ಸುಲಭವಾಗಿದೆ.

ಇನ್ನೊಂದು ವ್ಯವಹಾರದ ಮಾತು. ಮಹಾರಾಷ್ಟ್ರದಲ್ಲಿ ನಾಟಕವಾಡಲು ಹಸ್ತಪ್ರತಿಯನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಕಳುಹಿಸಿ ಪ್ರಮಾಣಪತ್ರ ಪಡೆಯುವ ಕ್ರಮವಿದೆ. ನಾಟಕಕಾರರ ಅಥವಾ ಅವರ ವಾರಸುದಾರರ ಅನುಮತಿಯೂ ಬೇಕು. ಸಭಾಗೃಹಗಳ ರಜಾದಿನಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ. ಆದ್ದರಿಂದ ನವೆಂಬರ್‌ನ ನಾಟಕ ಗಣೇಶ ಚತುರ್ಥಿಗೆ ಮೊದಲೇ ನಿಶ್ಚಯವಾಗಬೇಕು. ದೀಪಾವಳಿಯ ಹೊತ್ತಿಗೆ ಹುಡುಕಹೊರಟರೆ ಸಿಗುವುದು ಮತ್ತದೇ ಸಮಾರಂಭದ ಕೊನೆಯ ಒಂದು ಗಂಟೆ.

ಕಾಯುವಷ್ಟು ಕಾಲವಿಲ್ಲ

ಊರಿನಲ್ಲಿ ಕಂಪನಿ ನಾಟಕ, ಶಾಲಾ ವಾರ್ಷಿಕೋತ್ಸವದ ನಾಟಕ ಕಂಡು ಬೆಳೆದು ಬಂದವರು ಇಲ್ಲಿನ ಹವ್ಯಾಸಿ ರಂಗಭೂಮಿಯನ್ನು ಕಟ್ಟಿದರು. ಹಗಲೆಲ್ಲ ಗಲ್ಲಾಪೆಟ್ಟಿಗೆಯಲ್ಲಿ ಕೂತು ಅಥವಾ ಯಂತ್ರದ ಮುಂದೆ ನಿಂತು ದುಡಿದು ರಾತ್ರಿ ಅಭ್ಯಾಸ ಮಾಡಿದವರು ಅವರು. ಅವರಿಗೀಗ ವಯಸ್ಸಾಗಿದೆ. ಬಣ್ಣ ಹಚ್ಚುವುದು, ಮಾತಿನ ಏರಿಳಿತ, ಪರದೆಯ ಹಿಂದಿನ ಶಿಸ್ತು, ಇವನ್ನು ಅವರು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಪಕ್ಕದಲ್ಲಿ ನಿಂತು ಕಲಿಯುವ ಹುಡುಗ-ಹುಡುಗಿಯರಿದ್ದರೆ ಮಾತ್ರ ಆ ವಿದ್ಯೆ ಮುಂದಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಅವಸರದಲ್ಲಿ ಆಡುವ ನಾಟಕದಲ್ಲಿ ಕಲಿಸಲು ಬಿಡುವಿಲ್ಲ. ಮೂರು ತಿಂಗಳ ಹಂಗಾಮಿನಲ್ಲಿ ಅದಕ್ಕೆ ಅವಕಾಶವಿದೆ.

ಮೊದಲ ವರ್ಷ ಸಭಾಗೃಹ ತುಂಬದೆ ಹೋಗಬಹುದು. ಮೂರನೆಯ ನಾಟಕಕ್ಕೆ ಖರ್ಚು ಹೊರದಿರಬಹುದು. ಆದರೂ ಎರಡನೆಯ ವರ್ಷ ಅದೇ ತಿಂಗಳಲ್ಲಿ ಮತ್ತೆ ಪರದೆ ಸರಿದರೆ ಜನರಿಗೆ ನಂಬಿಕೆ ಬರುತ್ತದೆ. ಆಗ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ "ನಾಟಕ ಯಾವುದು ಮಾರಾಯ್ರೆ?" ಎಂಬ ಪ್ರಶ್ನೆ ಚಹಾದ ಹೊತ್ತಿಗೆ ಕಾಯದೆ ಮೊದಲೇ ಬರುತ್ತದೆ. ಖಡಕಿಯ ಸಂಸ್ಥೆಗಳ ಪದಾಧಿಕಾರಿಗಳು ಈ ಮಳೆಗಾಲ ಮುಗಿಯುವುದರೊಳಗೆ ಒಂದು ಮೇಜಿನ ಸುತ್ತ ಕೂತು ಮೂರು ದಿನಾಂಕಗಳನ್ನು ಗುರುತು ಹಾಕಿಕೊಳ್ಳಲಿ. ಕಲಾಭಿಮಾನಿಗಳು ಟಿಕೆಟು ಕೊಂಡು ಆ ದಿನಾಂಕಗಳನ್ನು ಉಳಿಸಿಕೊಡಲಿ.