ಒರಳೊಳಗಿನ ಉರಿ



ತಿಪಟೂರಿನ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: "ಮಗ ಹಳೇ ಸ್ಕೂಟರೊಂದನ್ನು ಕೊಳ್ಳಬೇಕೆಂದು ಹಟ ಹಿಡಿದಿದ್ದಾನೆ. ಟೂ ಸ್ಟ್ರೋಕ್, ಗಟ್ಟಿ ಗಾಡಿ ಅಂತಾನೆ. ಕೊಡಬೇಕಾದ್ದು ನಾನು ಚೀಟಿ ಹಾಕಿ ಕೂಡಿಟ್ಟ ದುಡ್ಡು. ಈ ಸ್ಟ್ರೋಕ್ ಅಂದರೇನು? ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಇಲ್ಲವಂತೆ, ನಿಜವೇ?"

ದುಡ್ಡು ನಿಮ್ಮದು ಅಂದಮೇಲೆ ಕೇಳಲೇಬೇಕು ಬಿಡಿ.

ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಒಂದು ಕೊಳವೆ, ಅದರೊಳಗೆ ಬಿಗಿಯಾಗಿ ಆಡುವ ಒತ್ತುವ ಹಿಡಿ. ಎಂಜಿನ್ನಿನಲ್ಲಿ ಕೊಳವೆಗೆ ಸಿಲಿಂಡರ್, ಹಿಡಿಗೆ ಪಿಸ್ಟನ್ ಎಂದು ಹೆಸರು. ಪಿಸ್ಟನ್ ಒಂದು ಸಲ ಮೇಲಕ್ಕೋ ಕೆಳಕ್ಕೋ ಹೋದರೆ ಅದೇ ಒಂದು ಸ್ಟ್ರೋಕ್. ಅಷ್ಟೇ ಕಣ್ರೀ.

ಈಗ ಮಾರಾಟಕ್ಕೆ ಬರುವ ಪೆಟ್ರೋಲ್ ಸ್ಕೂಟರುಗಳು ಫೋರ್ ಸ್ಟ್ರೋಕಿನವು. ಪಿಸ್ಟನ್ ಕೆಳಗಿಳಿಯುತ್ತಾ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮೇಲೇರುತ್ತಾ ಅದನ್ನು ಅದುಮುತ್ತದೆ. ಆಗ ಪ್ಲಗ್ಗಿನಿಂದ ಕಿಡಿ ಹಾರಿ, ಉರಿಯ ರಭಸಕ್ಕೆ ಪಿಸ್ಟನ್ ಕೆಳಗೆ ಹೋಗುತ್ತದೆ. ಮತ್ತೆ ಮೇಲೇರುವಾಗ ಹೊಗೆಯನ್ನು ಹೊರಗೆ ದೂಡುತ್ತದೆ. ನಾಲ್ಕರಲ್ಲಿ ಗಾಡಿ ಎಳೆಯುವುದು ಒಂದೇ; ಮಿಕ್ಕ ಮೂರೂ ಅಣಿ ಮಾಡುವ, ಚೊಕ್ಕ ಮಾಡುವ ಕೆಲಸ. ನಮ್ಮ ಅಡುಗೆಮನೆಯ ಹಾಗೇ!

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಇಂಥ ಎಂಜಿನ್ ಕಟ್ಟಿದ. 1888ರಲ್ಲಿ ಇದೇ ಬಗೆಯ ಎಂಜಿನ್ನಿದ್ದ ಮೂರು ಚಕ್ರದ ಬಂಡಿಯಲ್ಲಿ ಬರ್ತಾ ಬೆಂಜ್ ಎಂಬಾಕೆ, ಅದನ್ನು ಮಾಡಿದ ಗಂಡನಿಗೂ ಮೊದಲೇ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದಲೇ ಬಿಡಿಸಿದಳಂತೆ. ಇಂಧನ ಮುಗಿದಾಗ ಕೊಂಡದ್ದು ಔಷಧಿ ಅಂಗಡಿಯಲ್ಲಿ!

ಇನ್ನು ಟೂ ಸ್ಟ್ರೋಕ್. ಇಲ್ಲಿ ಪಿಸ್ಟನ್ ಪ್ರತಿ ಸಲ ಇಳಿಯುವಾಗಲೂ ಉರಿಯ ಬಲ ಸಿಗುತ್ತದೆ. ಬಿಡಿಭಾಗ ಕಡಿಮೆ, ಎಳೆತ ಜಾಸ್ತಿ. ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಆದರೆ ಹಳೇ ಹೊಗೆ ಹೋಗುವುದೂ ಹೊಸ ಪೆಟ್ರೋಲ್ ಬರುವುದೂ ಒಟ್ಟೊಟ್ಟಿಗೇ ಆಗುವುದರಿಂದ ಒಂದಿಷ್ಟು ಪೆಟ್ರೋಲ್ ಉರಿಯದೆ ಹೊಗೆಯ ಜೊತೆ ಹೋಗಿಬಿಡುತ್ತದೆ. ಅದೂ ನಿಮ್ಮ ದುಡ್ಡೇ. ಹಳೇ ಸ್ಕೂಟರುಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಅನೇಕ ಗಾಡಿಗಳಿಗೆ ಲೀಟರಿಗೆ 20 ಮಿಲಿಲೀಟರಿನಷ್ಟು. ಮರೆತರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. "ಸೀಜ್ ಆಗಿದೆ" ಎನ್ನುವುದು ಇದಕ್ಕೇ. ಎಣ್ಣೆ ಸೇರುವುದರಿಂದ ಈ ಗಾಡಿಯಲ್ಲಿ ಸ್ವಲ್ಪ ನೀಲಿ ಹೊಗೆ ಸಹಜ. ಫೋರ್ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟರೆ ಮಾತ್ರ ಎಣ್ಣೆ ಒಳಗೆ ಸೋರಿ ಉರಿಯುತ್ತಿದೆ, ದೊಡ್ಡ ರಿಪೇರಿ ಕಾದಿದೆ ಎಂದು ತಿಳಿಯಿರಿ. ಗಾಡಿಗೆ 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದ್ದಾರೆಯೇ ಎಂದೂ ನೋಡಿ. ನನ್ನನ್ನು ಕೇಳಿದರೆ, ದಿನಾ ಓಡಾಡಲು ಬೇಡ.

ಡೀಸೆಲ್ಲಿಗೆ ಪ್ಲಗ್ ಇಲ್ಲ ಅಂದದ್ದು ಕಿಡಿಯ ಪ್ಲಗ್ಗಿನ ಮಾತಾದರೆ ನಿಜ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ? ಅದುಮಿದ ಗಾಳಿ ಕಾಯುತ್ತದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಹದಿನೈದು ಇಪ್ಪತ್ತು ಪಾಲು ಅದುಮುತ್ತದೆ. ಆ ಕಾವಿಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಒಗ್ಗರಣೆಗೆ ಎಣ್ಣೆ ಕಾದ ಮೇಲೇ ಸಾಸಿವೆ ಹಾಕುತ್ತೀರಲ್ಲ, ಹಾಗೆ.

ಹೊಗೆಯ ಮಾತು ಬಂತಲ್ಲ, ಇದೊಂದು ಕೇಳಿ. ಯಾವ ಎಂಜಿನ್ನಿನ ಹೊಗೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಕರೆಂಟ್ ಹೋಯಿತೆಂದು ಜನರೇಟರನ್ನು ಒಳಕೋಣೆಯಲ್ಲಾಗಲಿ, ಅಂಗಡಿಯ ಷಟರ್ ಎಳೆದುಕೊಂಡಾಗಲಿ ಓಡಿಸಲೇಬೇಡಿ. ಕಿಟಕಿ ತೆರೆದರೂ ಸಾಲದು. ಅದು ಮನೆಯಾಚೆ, ಕಿಟಕಿ ಬಾಗಿಲುಗಳಿಂದ ದೂರದಲ್ಲೇ ಇರಲಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಮೊದಲು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ. ಜನರೇಟರ್ ಆರಿಸಲೆಂದು ಯಾರೂ ಒಳಗೆ ನಿಲ್ಲುವುದು ಬೇಡ.