ಮಲೇರಿಯಕ್ಕೆ ಲಸಿಕೆ: ನಾವು ಎದುರುನೋಡಬೇಕಾದುದೇನು?

ಸಿಡುಬನ್ನು ಲಸಿಕೆಯು ಭೂಮಂಡಲದಿಂದಲೇ ಅಳಿಸಿಹಾಕಿತೆಂದು 1980ರಲ್ಲಿ ಜಗತ್ತಿಗೆ ಸಾರಲಾಯಿತು. ಪೋಲಿಯೋ ರೋಗವು ನಮ್ಮ ದೇಶವನ್ನು ಬಿಟ್ಟಿತೆಂದು 2014ರಲ್ಲಿ ಪ್ರಮಾಣೀಕೃತವಾಯಿತು. ಹೀಗಿರಲು ಮಲೇರಿಯಕ್ಕೆ ಮಾತ್ರ ಲಸಿಕೆ ದೊರೆಯುವುದಕ್ಕೆ ಇಷ್ಟು ಕಾಲ ಹಿಡಿದುದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡುದು 1897ರ ಆಗಸ್ಟ್ 20ರಂದು. ವಿಶ್ವ ಆರೋಗ್ಯ ಸಂಸ್ಥೆಯು ಮೊದಲನೆಯ ಮಲೇರಿಯ ಲಸಿಕೆಯನ್ನು ಬಳಕೆಗೆ ಶಿಫಾರಸು ಮಾಡಿದುದು 2021ರ ಅಕ್ಟೋಬರ್‌ನಲ್ಲಿ. ಇವೆರಡರ ನಡುವೆ 124 ವರ್ಷಗಳು ಸಂದುವು!

ನಾವು ಭೌತವಿಜ್ಞಾನವನ್ನು ಬೋಧಿಸತಕ್ಕವರು, ವೈದ್ಯರಲ್ಲ. ಆದರೂ ಈ ವಿಳಂಬದ ಕಾರಣವು ಬಹುಮಟ್ಟಿಗೆ ಸಂಖ್ಯೆಗಳ ವಿಷಯವಾದುದರಿಂದ ಅದನ್ನು ವಿವೇಚಿಸುವ ಅಧಿಕಾರ ನಮಗೂ ಇದೆಯೆಂದು ಭಾವಿಸುತ್ತೇವೆ.

ವೈರಸ್ಸೆಂಬುದು ಕೆಲವೇ ಪ್ರೋಟೀನುಗಳ ಪುಟ್ಟ ಪೊಟ್ಟಣ. ದಡಾರದ ವೈರಸ್ಸಿಗೆ ಇರುವ ಜೀನುಗಳು ಆರೇ. ಮಲೇರಿಯದ ಪರೋಪಜೀವಿಗಾದರೋ ಐದು ಸಾವಿರಕ್ಕೂ ಮಿಕ್ಕು ಜೀನುಗಳಿವೆ. ಅದು ಸೊಳ್ಳೆಯಿಂದ ಬಂದಾಗ ಒಂದು ರೂಪ, ಯಕೃತ್ತಿನಲ್ಲಿ ಇನ್ನೊಂದು, ರಕ್ತಕಣದಲ್ಲಿ ಮತ್ತೊಂದು, ಮರಳಿ ಸೊಳ್ಳೆಗೆ ಹೋಗುವಾಗ ಬೇರೊಂದು ರೂಪವನ್ನು ತಾಳುತ್ತದೆ. ಒಂದು ವೇಷವನ್ನು ಗುರುತಿಸಲು ಶರೀರವನ್ನು ಪಳಗಿಸಿದರೆ ಅದು ಇನ್ನೊಂದು ವೇಷದಲ್ಲಿ ನಿಂತಿರುತ್ತದೆ.

ಈಗ ಒಂದು ಸರಳ ಲೆಕ್ಕವನ್ನು ಮಾಡೋಣ. ಸೊಳ್ಳೆಯು ಕಚ್ಚಿದಾಗ ಹತ್ತು ಪರೋಪಜೀವಿಗಳು ಯಕೃತ್ತನ್ನು ತಲಪಿದುವೆಂದು ಇಟ್ಟುಕೊಳ್ಳಿರಿ. ಸುಮಾರು ಒಂದು ವಾರದಲ್ಲಿ ಅಲ್ಲಿ ಒಂದೊಂದೂ ಸಾವಿರಾರು ಮರಿಗಳಾಗಿ ಒಡೆಯುತ್ತದೆ, 20,000 ಎನ್ನೋಣ. ಅಂದರೆ ರಕ್ತಕ್ಕೆ ಇಳಿಯುವುವು 2 ಲಕ್ಷ. ರಕ್ತದಲ್ಲಿ ಅವು 48 ಗಂಟೆಗೊಮ್ಮೆ ಸುಮಾರು ಹತ್ತು ಪಾಲಾಗುತ್ತವೆಂದೂ, ಹತ್ತು ಕೋಟಿಯನ್ನು ದಾಟಿದಾಗ ಜ್ವರ ಬರುತ್ತದೆಂದೂ ಎಣಿಸಿದರೆ, ಮೂರು ಆವರ್ತನಗಳಲ್ಲಿ, ಎಂದರೆ ಆರು ದಿನಗಳಲ್ಲಿ, ರೋಗಿಯು ಹಾಸಿಗೆ ಹಿಡಿಯುತ್ತಾನೆ. ಲಸಿಕೆಯೊಂದು ಆ ಹತ್ತರಲ್ಲಿ ಒಂಬತ್ತನ್ನು ಕೊಂದಿತೆನ್ನಿ. ಉಳಿದ ಒಂದರಿಂದ 20,000 ಮರಿಗಳು ರಕ್ತಕ್ಕೆ ಬರುತ್ತವೆ. ಅವು ಹತ್ತು ಕೋಟಿಯನ್ನು ದಾಟಲು ನಾಲ್ಕು ಆವರ್ತನಗಳು, ಎಂಟು ದಿನಗಳು. ನೂರಕ್ಕೆ ತೊಂಬತ್ತು ಶತ್ರುಗಳನ್ನು ಕೊಂದುದರ ಫಲ ಎರಡು ದಿನಗಳ ವಿಳಂಬ ಮಾತ್ರ! ಹತ್ತನ್ನೂ ಕೊಂದರೆ ಮಾತ್ರ ಜ್ವರವೇ ಇಲ್ಲ. ಮಲೇರಿಯದ ಲಸಿಕೆಗೆ ನಾವು ಒಡ್ಡುವ ಪರೀಕ್ಷೆ ಇಷ್ಟು ಕಠಿಣವಾದುದು.

ಅಂತಹ ಪೂರ್ಣ ರಕ್ಷಣೆ ಅಸಾಧ್ಯವಲ್ಲವೆಂದು ಮೊದಲು ತೋರಿಸಿಕೊಟ್ಟುದು ಕ್ಷ-ಕಿರಣ. 1967ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ನುಸ್ಸೆನ್‌ಜ್ವೈಗ್ ಮತ್ತು ಸಂಗಡಿಗರು ಸೊಳ್ಳೆಯಿಂದ ತೆಗೆದ ಪರೋಪಜೀವಿಗಳನ್ನು ಕ್ಷ-ಕಿರಣಗಳಿಗೆ ಒಡ್ಡಿ ಇಲಿಗಳಿಗೆ ಚುಚ್ಚಿದರು. ದುರ್ಬಲಗೊಂಡ ಪರೋಪಜೀವಿಗಳು ರೋಗವನ್ನು ತರಲಿಲ್ಲ, ರಕ್ಷಣೆಯನ್ನು ಕಲಿಸಿದುವು. ಆ ಪರೋಪಜೀವಿಯ ಹೊರಮೈಯನ್ನು ಮುಚ್ಚಿದ ಪ್ರೋಟೀನೇ ಮುಂದೆ ಆರ್‌ಟಿಎಸ್,ಎಸ್ ಲಸಿಕೆಗೆ ಆಧಾರವಾಯಿತು. ಆಫ್ರಿಕದ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ ನಾಲ್ಕು ಚುಚ್ಚುಮದ್ದುಗಳನ್ನು ಪಡೆದ 5ರಿಂದ 17 ತಿಂಗಳ ಮಕ್ಕಳಲ್ಲಿ, ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ, ಮಲೇರಿಯದ ಜ್ವರಗಳು ನೂರಕ್ಕೆ 36ರಷ್ಟು ಕಡಿಮೆಯಾದುವು. 2023ರಲ್ಲಿ ಶಿಫಾರಸು ಪಡೆದ ಎರಡನೆಯ ಲಸಿಕೆ ಆರ್-21. ಆಕ್ಸ್‌ಫರ್ಡಿನಲ್ಲಿ ರೂಪುಗೊಂಡ ಇದನ್ನು ತಯಾರಿಸುತ್ತಿರುವುದು ನಮ್ಮ ನೆರೆಯ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಮಲೇರಿಯದ ಋತುವಿಗೆ ಮುನ್ನ ಕೊಟ್ಟಾಗ ಮೊದಲ ವರ್ಷದಲ್ಲಿ ಇದು ನೂರಕ್ಕೆ 75ರಷ್ಟು ಜ್ವರಗಳನ್ನು ತಡೆಯಿತು. ಮಲೇರಿಯದಿಂದ ಸಾಯುವವರಲ್ಲಿ ಬಹುಪಾಲು ಆಫ್ರಿಕದ ಶಿಶುಗಳೇ ಆದುದರಿಂದ ಇದು ಅಲ್ಪವಾದ ಉಪಕಾರವಲ್ಲ.

ಪುಣೆಯಲ್ಲಿ ತಯಾರಾಗುವ ಈ ಲಸಿಕೆಯು ಬಾಗಲಕೋಟೆಗೆ ಏಕೆ ಬಂದಿಲ್ಲ? ಇವೆರಡು ಲಸಿಕೆಗಳೂ ಫಾಲ್ಸಿಪಾರಮ್ ಎಂಬ ಜಾತಿಯ ಪರೋಪಜೀವಿಗಾಗಿ ಮಾಡಿದುವು. ಅದರ ಹಾವಳಿ ಅಧಿಕವಾಗಿರುವ ಕಡೆಗಳ ಮಕ್ಕಳಿಗಾಗಿ ಶಿಫಾರಸಾದುವು. ನಮ್ಮ ದೇಶದಲ್ಲಿ ಅದರ ಜೊತೆಗೆ ವೈವಾಕ್ಸ್ ಎಂಬ ಇನ್ನೊಂದು ಜಾತಿಯೂ ಇದೆ. ಅದರ ಹೊರಮೈಯ ಪ್ರೋಟೀನೇ ಬೇರೆಯಾದುದರಿಂದ ಈ ಲಸಿಕೆಗಳು ಅದನ್ನು ಗುರುತಿಸವು. ಅದರ ಕೆಲವು ಅಂಶಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿದ್ದು, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಎದ್ದು ಜ್ವರವನ್ನು ತರಬಲ್ಲವು. ವೈವಾಕ್ಸಿಗೆ ಇನ್ನೂ ಬಳಕೆಗೆ ಬಂದ ಲಸಿಕೆಯಿಲ್ಲ. ಹೊಸದಿಲ್ಲಿಯ ಅಂತರರಾಷ್ಟ್ರೀಯ ಜೀನ್ ಇಂಜಿನಿಯರಿಂಗ್ ಕೇಂದ್ರದ ಸಂಶೋಧನೆಯಿಂದ ಬೆಳೆದ ಒಂದು ಲಸಿಕೆಯು, ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗವಾದಾಗ, ವೈವಾಕ್ಸಿನ ವೃದ್ಧಿಯ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿತೆಂಬ ವರದಿ 2023ರಲ್ಲಿ ಬಂದಿದೆ. ಮೇಲಿನ ಲೆಕ್ಕವನ್ನು ಬಲ್ಲವರಿಗೆ ಇದು ಆರಂಭ ಮಾತ್ರವೆಂದು ಹೇಳಬೇಕಾಗಿಲ್ಲ. ಆದರೆ ಒಳ್ಳೆಯ ಆರಂಭ.

ಹಾಗಾದರೆ ಲಸಿಕೆ ಬರುವ ತನಕ ಕೈಕಟ್ಟಿ ಕುಳಿತಿರಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಕೊಡಬಲ್ಲ ಒಂದು ರೋಗದ ಕಥೆ ನಮ್ಮ ಉತ್ತರ ಕರ್ನಾಟಕದ ಒಣ ಸೀಮೆಗೆ ಸೇರಿದುದೇ ಆಗಿದೆ. ಅದು ನಾರುಹುಣ್ಣು. ಹಿರಿಯರನ್ನು ಕೇಳಿದರೆ ಅದರ ಯಾತನೆಯನ್ನು ವರ್ಣಿಸಿಯಾರು. ಮೆಟ್ಟಿಲು ಬಾವಿಯಲ್ಲಿ ಇಳಿದು ನೀರು ತುಂಬುವವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದುವು. ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿ ಅವನ್ನು ನುಂಗುತ್ತಿತ್ತು. ಆ ನೀರನ್ನು ಕುಡಿದವರ ಶರೀರದಲ್ಲಿ ಸುಮಾರು ಒಂದು ವರ್ಷ ಬೆಳೆದು, ಮೊಳದಿಂದ ಎರಡು ಮೊಳದವರೆಗಿನ ಹುಳು ಚರ್ಮವನ್ನು ಸೀಳಿ ಹೊರಬರುತ್ತಿತ್ತು. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇರಲಿಲ್ಲ. ರೋಗವನ್ನು ಗುಣಪಡಿಸುವ ಔಷಧವಿಲ್ಲ, ತಡೆಯುವ ಲಸಿಕೆಯಿಲ್ಲ.

1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗ ಕೊಡಗಳಿಂದ ಸೇದುವ ಬಾವಿಗಳನ್ನಾಗಿ ಮಾಡಲಾಯಿತು. ಕೊಳವೆ ಬಾವಿಗಳನ್ನು ತೋಡಲಾಯಿತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೂ ಹೇಳಿಕೊಡಲಾಯಿತು. ಹುಣ್ಣಿರುವವರು ನೀರಿಗಿಳಿಯದಂತೆ ನೋಡಿಕೊಳ್ಳಲಾಯಿತು. ದೇಶದ ಕೊನೆಯ ರೋಗಿ ಕಂಡುಬಂದುದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಪರೋಪಜೀವಿಯ ಜೀವನಚಕ್ರದ ಒಂದು ಕೊಂಡಿಯನ್ನು ಅರಿತು ಅಲ್ಲಿಯೇ ಕತ್ತರಿಸಿದುದರ ಫಲವಿದು.

ಮಲೇರಿಯದ ಚಕ್ರದಲ್ಲಿಯೂ ನಮ್ಮ ಕೈಗೆ ಎಟಕುವ ಕೊಂಡಿಯೊಂದಿದೆ. ಅದು ನಿಂತ ನೀರು. ಬಾಗಲಕೋಟೆಯ ಸುತ್ತ ಘಟಪ್ರಭೆ ಮತ್ತು ಆಲಮಟ್ಟಿಯ ಹಿನ್ನೀರು, ಬಾದಾಮಿ ಹುನಗುಂದಗಳ ಕಡೆ ಮಲಪ್ರಭೆಯ ದಂಡೆ, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ತೆಗೆದ ಗುಂಡಿಗಳು, ಎಲ್ಲೆಡೆಗಳಲ್ಲಿಯೂ ಮನೆಯ ಸಿಮೆಂಟಿನ ತೊಟ್ಟಿಗಳು. ಮಲೇರಿಯವನ್ನು ಹರಡುವ ಅನಾಫಿಲೀಸ್ ಸೊಳ್ಳೆಗಳಲ್ಲಿ ಸ್ಟೀಫೆನ್ಸೈ ಎಂಬುದು ಇಂತಹ ತೊಟ್ಟಿಯ ತಿಳಿನೀರನ್ನೇ ಮೆಚ್ಚತಕ್ಕದ್ದು. ಆದುದರಿಂದ ನೀರಿಲ್ಲದ ಊರಿಗೆ ಮಲೇರಿಯವೂ ಇಲ್ಲವೆಂದು ತಿಳಿಯಬಾರದು. ನಲ್ಲಿಯ ನೀರು ಅಪರೂಪವಾದಷ್ಟೂ ನಾವು ತೊಟ್ಟಿಗಳನ್ನು ಹೆಚ್ಚಿಸುತ್ತೇವೆ. ತೊಟ್ಟಿಗಳು ಹೆಚ್ಚಿದಷ್ಟೂ ಸೊಳ್ಳೆಗೆ ಸುಗ್ಗಿ. ಮೊಟ್ಟೆಯು ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ ಒಣಗಿಸಿದರೆ ಆ ಲೆಕ್ಕವು ಪೂರ್ಣವಾಗುವುದೇ ಇಲ್ಲ. ಬರಿದುಮಾಡಲಾಗದ ಬಾವಿಗಳಿಗೆ ಮೀನು ಬಿಡಬಹುದು. ಕೋಲಾರ ಮತ್ತು ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಗಪ್ಪಿ ಮೊದಲಾದ ಮೀನುಗಳಿಂದ ಸೊಳ್ಳೆಮರಿಗಳನ್ನು ಅಡಗಿಸಿದ ಅನುಭವ ನಮ್ಮ ರಾಜ್ಯದ್ದೇ ಆಗಿದೆ.

ಇಷ್ಟರಿಂದಲೇ ಎಲ್ಲವೂ ಆಗುವುದಾದರೆ ಲಸಿಕೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು 7.5 ಕೋಟಿ ಭಾರತೀಯರು ಮಲೇರಿಯಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ, ಡಿ.ಡಿ.ಟಿ.ಯ ಬಲದಿಂದ, 1965ರ ಹೊತ್ತಿಗೆ ಇದು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಎಚ್ಚರ ತಪ್ಪಿತು, ಸೊಳ್ಳೆಗಳು ಡಿ.ಡಿ.ಟಿ.ಯನ್ನು ಸಹಿಸಲು ಕಲಿತುವು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ! ಈಗ ಮತ್ತೆ ಇಳಿತದ ಕಾಲ: 2015ರಲ್ಲಿ 11.69 ಲಕ್ಷವಿದ್ದುದು 2023ರಲ್ಲಿ 2.27 ಲಕ್ಷಕ್ಕೆ ಬಂದಿದೆ; 2030ರೊಳಗೆ ನಿರ್ಮೂಲನವೇ ಗುರಿ. ಆದರೆ ಒಂದೇ ಆಯುಧವನ್ನು ನೆಚ್ಚಿದವರ ಗತಿಯೇನೆಂಬುದನ್ನು ನಾವು ಮರೆಯಬಾರದು. ಮಲೇರಿಯವನ್ನು ಕಾಣದೆ ಬೆಳೆದ ಪೀಳಿಗೆಗೆ ಅದರೆದುರು ಶರೀರದ ರಕ್ಷಣೆಯೂ ಇರುವುದಿಲ್ಲ, ಮನಸ್ಸಿನ ಎಚ್ಚರವೂ ಇರುವುದಿಲ್ಲ. ರೋಗವು ಮರಳಿದರೆ ಅದಕ್ಕೆ ಮೊದಲು ಸಿಕ್ಕುವವರು ಅವರೇ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ವೈವಾಕ್ಸಿನ ಲಸಿಕೆಗಾಗಿ ನಡೆಯುವ ಸಂಶೋಧನೆಗೆ ದೇಶವು ಧಾರಾಳವಾಗಿ ಹಣವನ್ನು ಕೊಡಬೇಕು. ರೋಗಿಗಳು ಕಡಿಮೆಯಾದರೆಂಬ ಕಾರಣದಿಂದ ಆ ಕೆಲಸ ನಿಲ್ಲಬಾರದು. ಹೊರಗಿನವರು ಅದನ್ನು ನಮಗಾಗಿ ಮಾಡಿಕೊಡುವರೆಂದು ಕಾಯುವುದೂ ತರವಲ್ಲ. ಅದೇ ಕಾಲಕ್ಕೆ, ಬರಲಿರುವ ಲಸಿಕೆಯ ಹೆಸರಿನಲ್ಲಿ ತೊಟ್ಟಿಯ ಮುಚ್ಚಳವನ್ನು ಮರೆಯಬಾರದು. ಚಳಿಜ್ವರ ಬಂದಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು; ವೈವಾಕ್ಸೆಂದು ತಿಳಿದು ವೈದ್ಯರು ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ಗುಳಿಗೆಗಳನ್ನು ಕೊಟ್ಟರೆ, ಮೂರನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸದೆ ಹದಿನಾಲ್ಕನೆಯ ದಿನದವರೆಗೂ ನುಂಗಬೇಕು. ಯಕೃತ್ತಿನಲ್ಲಿ ನಿದ್ರಿಸುವ ಶತ್ರುವಿಗೆ ಇಂದು ನಮ್ಮಲ್ಲಿರುವ ಮದ್ದು ಅದೇ.

ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಪ್ರಯೋಗಶಾಲೆಗಳನ್ನು ಸೇರಿ ಆ ಲಸಿಕೆಯನ್ನು ಕಂಡುಹಿಡಿಯುವವರಾಗಲಿ. ಉಳಿದವರೆಲ್ಲರೂ ಬರುವ ಭಾನುವಾರ ಮನೆಯ ತೊಟ್ಟಿಯಲ್ಲಿ ಇಣುಕಿ ನೋಡಲಿ. ನೀರಿನ ಮೇಲ್ಮೈಗೆ ಸಮಾಂತರವಾಗಿ ತೇಲುವ ಸಣ್ಣ ಮರಿಗಳು ಕಂಡುವಾದರೆ ಅವು ಅನಾಫಿಲೀಸಿನವೆಂದು ತಿಳಿಯಬೇಕು. ತಲೆ ಕೆಳಗಾಗಿ ಓರೆಯಾಗಿ ತೂಗುವುವು ಬೇರೆ ಜಾತಿಯವು. ಎರಡನ್ನೂ ನೀರಿನೊಡನೆ ಬಿಸಿಲಿಗೆ ಚೆಲ್ಲತಕ್ಕದ್ದು.