ಟೈಮ್‌ಪಾಸ್‌ಗೆ ಬರೆಯುತ್ತೀರಾ?

ಕಳೆದ ಯುಗಾದಿ ಸಮಾರಂಭಕ್ಕೆ ಊರಿನಿಂದ ಕತೆಗಾರರೊಬ್ಬರು ಬಂದಿದ್ದರು. ಸದಸ್ಯರಿಗೆ ನೆನಪಿಲ್ಲದಿದ್ದರೆ ಆಶ್ಚರ್ಯವಿಲ್ಲ. ಅವರಿಗೆ ನಾವು ಕೊಟ್ಟದ್ದು ಹನ್ನೆರಡೇ ನಿಮಿಷ. ಅದೂ ಫ್ಯಾಶನ್ ಶೋ ಮುಗಿದು, ಹೋಳಿಗೆಯ ವಾಸನೆ ಹಾಲಿನೊಳಕ್ಕೆ ಬಂದ ಮೇಲೆ. ಊಟದ ಸಾಲಿನಲ್ಲಿ ನಮ್ಮವರೇ ಒಬ್ಬರು ತಟ್ಟೆ ಹಿಡಿದು ಕೇಳಿದರು: "ಬರೆಯೋದು ಸರಿ ಸಾರ್, ಟೈಮ್‌ಪಾಸಿಗೆ. ಕೆಲಸ ಏನ್ಮಾಡ್ತೀರಿ?" ಅವರು ನಕ್ಕು ಉಪ್ಪಿನಕಾಯಿ ಬಡಿಸಿಕೊಂಡರು. ಪಕ್ಕದಲ್ಲಿದ್ದ ನಾವೂ ನಕ್ಕೆವು. ಆ ನಗು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಸಾಹಿತಿ ಎಂದರೆ ಜುಬ್ಬಾ ತೊಟ್ಟು ಮರದ ಕೆಳಗೆ ಸ್ಫೂರ್ತಿಗಾಗಿ ಕಾಯುವವನು ಎಂದು ನಮಗೆ ಯಾರು ಹೇಳಿಕೊಟ್ಟರೋ! ಮಾಸ್ತಿಯವರು 1943ರವರೆಗೆ ಮೈಸೂರು ಸಂಸ್ಥಾನದ ಅಧಿಕಾರಿ. ಫೈಲುಗಳ ನಡುವೆಯೇ ಸಣ್ಣಕತೆ ಬೆಳೆಯಿತು. ಸಂಜೆಗೆ ಬಸವನಗುಡಿಯ ಕ್ಲಬ್ಬಿನಲ್ಲಿ ಇಸ್ಪೀಟೂ ನಡೆಯುತ್ತಿತ್ತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರು. 'ಶಿಕಾರಿ'ಯ ನಾಗಪ್ಪ ಕೆಮಿಕಲ್ ಕಂಪನಿಯಲ್ಲಿ ಪಡುವ ಪಾಡು ಹೊರಗಿನವನಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಇನ್ನು ಅವರ ಹವ್ಯಾಸಗಳು. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು, ಕೆರೆ ಹೊಳೆಗಳಲ್ಲಿ ಗಾಳ ಹಾಕಿ ಕೂತರು, ಹಕ್ಕಿಯ ಒಂದು ಫೋಟೋಗಾಗಿ ಗಂಟೆಗಟ್ಟಲೆ ಕಾದರು, ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ನೋಡಿದರು. ಇದನ್ನೆಲ್ಲ ಕಾಲಹರಣ ಎನ್ನುವವರು 'ಕರ್ವಾಲೋ' ಓದಿಲ್ಲ. ಹಾರುವ ಓತಿಯ ಬೆನ್ನು ಹತ್ತಿದ ಆ ಗುಂಪನ್ನು ಬರೆಯಬೇಕಾದರೆ, ಕಾಡಿನಲ್ಲಿ ಸುಮ್ಮನೆ ಕೂರುವುದು ಏನೆಂದು ಮೈಗೇ ಗೊತ್ತಿರಬೇಕು. ಕಾರಂತರಂತೂ ಯಕ್ಷಗಾನಕ್ಕೆ ಹೆಜ್ಜೆ ಹಾಕಿದರು, ಕಲಿಸಿದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಡಿಸಿದರು, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಒಬ್ಬರೇ ಬರೆದರು. ಇದರಲ್ಲಿ ಕೆಲಸ ಯಾವುದು, ಹವ್ಯಾಸ ಯಾವುದು? ಹೇಳಬಲ್ಲವರು ನಮಗೆ ಫೋನ್ ಮಾಡಿ. (ನಮ್ಮ ಗಾಲ್ಫ್ ಯಾವುದಕ್ಕೂ ಬರುವುದಿಲ್ಲ ಎಂಬುದು ಬೇರೆ ಮಾತು.)

"ನೋಡಿ, ನೌಕರಿ ಇಟ್ಟುಕೊಂಡೇ ಬರೆಯಬಹುದಲ್ಲ, ಮತ್ತೇಕೆ ರಗಳೆ" ಎನ್ನುವವರಿದ್ದಾರೆ. ಪಾರ್ಟಿಗಳಲ್ಲಿ ನಮ್ಮ ವೈದ್ಯ ಮಿತ್ರರು ಇದಕ್ಕೆ ಸಾಕ್ಷಿಯಾಗಿ ಚೆಕಾಫನನ್ನು ಎಳೆದು ತರುತ್ತಾರೆ. ವೈದ್ಯಕೀಯ ಧರ್ಮಪತ್ನಿ, ಸಾಹಿತ್ಯ ಪ್ರೇಯಸಿ ಎಂದ ಮಹಾನುಭಾವ ತಾನೆ! ಆದರೆ 1892ರ ಬೇಸಿಗೆಯ ಕತೆಯನ್ನು ಇವರು ಹೇಳುವುದಿಲ್ಲ. ಮಾಸ್ಕೋ ಬಳಿಯ ಮೆಲಿಖೊವೊದಲ್ಲಿ ಮನೆ ಮಾಡಿದ್ದ ಚೆಕಾಫ್ ಕಾಲರಾ ಭಯದ ಆ ದಿನಗಳಲ್ಲಿ 25 ಹಳ್ಳಿಗಳನ್ನು ಸಂಬಳವಿಲ್ಲದೆ ನೋಡಿಕೊಂಡ. ಸಾಹಿತ್ಯದ ಕಡೆ ತಲೆ ಹಾಕಲೂ ಆಗದೆ ಒದ್ದಾಡಿದ. ಆಮೇಲೆ ತೋಟದಲ್ಲಿ ಪ್ರತ್ಯೇಕವಾಗಿ ಒಂದು ಪುಟ್ಟ ಮನೆ ಕಟ್ಟಿಸಿಕೊಂಡು, ಅಲ್ಲಿ ಕೂತು 'ಸೀಗಲ್' ನಾಟಕ ಬರೆದ. ಅಂದರೆ ಬರವಣಿಗೆಗೆ ಅದರದೇ ಜಾಗ, ಅದರದೇ ಹೊತ್ತು ಬೇಕು. ಮಿಕ್ಕಿದ್ದರಲ್ಲಿ ಆಗುವ ಕೆಲಸವಲ್ಲ. ನಮ್ಮ ಡಾ. ಅನುಪಮಾ ನಿರಂಜನರೂ ರೋಗಿಗಳನ್ನು ನೋಡುತ್ತಲೇ ಕಾದಂಬರಿಗಳನ್ನಲ್ಲದೆ ಹನ್ನೆರಡು ಸಂಪುಟಗಳ 'ದಿನಕ್ಕೊಂದು ಕಥೆ'ಯನ್ನೂ ಕೊಟ್ಟರು. ಆ ಪುಸ್ತಕಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದವರು ನಮ್ಮಲ್ಲಿ ಎಷ್ಟು ಜನ! ಅವರು ಅದನ್ನು ಯಾವ ಹೊತ್ತಿನಲ್ಲಿ ಕೂತು ಬರೆದರೆಂದು ಯಾರಾದರೂ ಯೋಚಿಸಿದ್ದೇವೆಯೇ?

ನಮಗೆ ಟೈಮ್ ಇಲ್ಲವಂತೆ. ನಾವು ರೆಸಿಡೆನ್ಸಿ ಮಾಡುವಾಗ ವಾರಕ್ಕೆ 80 ಗಂಟೆಯ ಮಿತಿ ಇರಲಿಲ್ಲ, ಅದು ಬಂದದ್ದು 2003ರಲ್ಲಿ. ಆಗ ಬರೆಯಲಾಗಲಿಲ್ಲ, ಒಪ್ಪೋಣ. ಈಗ ರಾತ್ರಿ ಎರಡರವರೆಗೆ ಕ್ರಿಕೆಟ್ ನೋಡಲು ಎಲ್ಲಿಂದ ಬರುತ್ತದೆ ಟೈಮು?

ಇಷ್ಟು ಜೋರಾಗಿ ಬರೆಯಲು ಕಾರಣ ನಮ್ಮ ಮನೆಯಲ್ಲೇ ಇದೆ. ಕಾಲೇಜಿನಲ್ಲಿ ಓದುವ ಮಗಳು ಕತೆ ಬರೆಯುತ್ತಾಳೆ; ರಜೆಗೆ ಬಂದರೂ ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆಮನೆಯ ಮೇಜಿನ ಮುಂದೆ ಕೂರುತ್ತಾಳೆ. ಹೋದ ವರ್ಷ ನಾವು ಬುದ್ಧಿ ಹೇಳಿದೆವು: "ಮೊದಲು ಮೆಡಿಸಿನ್ ಆಗಲಿ ಪುಟ್ಟಿ, ಇದನ್ನ ಹಾಬಿಯಾಗಿ ಇಟ್ಟುಕೋ." ಅವಳು ವಾದಿಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕಾಫಿ ಬೇಕೇ ಎಂದು ಕೇಳಿದಳು. ಅಂದಿನಿಂದ ಈವರೆಗೆ ಒಂದು ಕತೆಯನ್ನೂ ನಮಗೆ ಓದಲು ಕೊಟ್ಟಿಲ್ಲ. ಈಗಲೂ ಐದಕ್ಕೆ ಏಳುತ್ತಾಳೆ. ಲೋಟದ ಸದ್ದು ಕೇಳುತ್ತದೆ.

ಸಮಿತಿಯವರಲ್ಲಿ ಒಂದು ಬೇಡಿಕೆ. ದೀಪಾವಳಿಗೆ ಕತೆಗಾರರನ್ನು ಕರೆಯುವುದಾದರೆ ಊಟಕ್ಕೆ ಮೊದಲು ನಲವತ್ತು ನಿಮಿಷ ಕೊಡಿ; ಫ್ಯಾಶನ್ ಶೋ ಆಮೇಲಾಗಲಿ. ಯುಗಾದಿಯಂದು ಆರ್ಕೆಸ್ಟ್ರಾದವರಿಗೆ ಚೆಕ್ಕು ಕೊಟ್ಟೆವು, ಕತೆಗಾರರಿಗೆ ಶಾಲು. ಈ ಸಲದ ಚೆಕ್ಕಿಗೆ ನಮ್ಮ ಪಾಲನ್ನು ಖಜಾಂಚಿಯವರಿಗೆ ಆಗಲೇ ಕಳಿಸಿದ್ದೇವೆ. ಶಾಲು ಬೇಡ.